ಹಿತ್ತಲಿನ ಎರಡು ಬಾಗಿಲು

ಅಣ್ಣತಮ್ಮಂದಿರ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ಹೊಸದಾಗಿ ಕಟ್ಟಿಸಿದ ಪಾಯಿಖಾನೆಗಳೂ ಹಾಗೆಯೇ ಮಗ್ಗುಲಿಗೆ ಮಗ್ಗುಲು. ಒಂದೊಂದಕ್ಕೂ ಎರಡೆರಡು ಗುಂಡಿ, ಒಂದು ತುಂಬಿದರೆ ಇನ್ನೊಂದು. ಅದುವರೆಗೆ ಬೆಳಕು ಹರಿಯುವ ಮುನ್ನ ಬಯಲಿಗೆ ಹೋಗುತ್ತಿದ್ದ ಅತ್ತೆ, ಮಂಡಿ ಹಿಡಿದ ಮೇಲೆ, ಯಾರ ಪಾಯಿಖಾನೆ ಸಲೀಸೋ ಅವರ ಮನೆಯಲ್ಲೇ ಇರುತ್ತೇನೆ ಎಂದುಬಿಟ್ಟರು. ಹೋಗಿ ಕೂತದ್ದು ಹಿರಿಸೊಸೆಯ ಮನೆಯಲ್ಲಿ.

ಕಿರಿಸೊಸೆಯ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅತ್ತೆ ಹೋದರೆಂದರೆ ಅತ್ತೆಯ ಕತೆಗಳೂ ಹೋದ ಹಾಗೆ. ಸಂಜೆ ಗೋಡೆಗೆ ಕಿವಿ ಹಚ್ಚಿದರೆ ಏಳು ಸಮುದ್ರದಾಚೆಯ ರಾಜಕುಮಾರಿ ಅರ್ಧ ಮಾತ್ರ ಕೇಳಿಸುತ್ತಿದ್ದಳು. ಉಳಿದರ್ಧ ಓರಗಿತ್ತಿಯ ನಗುವಿನಲ್ಲಿ ಮುಳುಗುತ್ತಿತ್ತು. ಆ ನಗು ತನಗೆ ಕೇಳಿಸಲೆಂದೇ ನಕ್ಕದ್ದು ಎಂದು ಅವಳಿಗೆ ಖಾತ್ರಿ.

ಅತ್ತೆ ಇತ್ತ ಬರಬೇಕಾದರೆ ತನ್ನ ಪಾಯಿಖಾನೆ ಅವಳದಕ್ಕಿಂತ ಘಮಘಮಿಸಬೇಕು. ಬೆಳಿಗ್ಗೆ ಫಿನಾಯಿಲ್ ಸುರಿದಳು, ಸಂಜೆ ಬ್ಲೀಚಿಂಗ್ ಪುಡಿ. ಪಿಂಗಾಣಿ ಹಾಲಿನಂತೆ ಬೆಳಗಿತು. ಇದೇನು ಮನೆಯೋ ಆಸ್ಪತ್ರೆಯೋ ಎಂದು ಗಂಡ ಗೊಣಗಿದ. ಆದರೆ ಬರಬರುತ್ತಾ ಘಮ ಬರಬೇಕಾದ ಕಡೆ ನಾತ ಬಂತು. ಸುರಿದಷ್ಟೂ ನಾತ.

ಕಟ್ಟಿದ ಮೇಸ್ತ್ರಿ ಬಂದು ಗುಂಡಿಯ ಮುಚ್ಚಳ ಸರಿಸಿ ನೋಡಿದ. ಮೂಲೆಯ ಫಿನಾಯಿಲ್ ಡಬ್ಬಗಳನ್ನೂ ನೋಡಿದ.

"ಒಳಗೆ ತಿಂದು ಕರಗಿಸೋ ಹುಳಗಳಿರ್ತವೆ ಕಣಮ್ಮ, ಕಣ್ಣಿಗೆ ಕಾಣದವು. ಅವಕ್ಕೆ ದಿನಾ ವಿಷ ಹಾಕಿದೀಯ. ಇನ್ಯಾರು ನಿನ್ನ ಚಾಕರಿ ಮಾಡ್ತಾರೆ?"

ಪೈಪನ್ನು ಇನ್ನೊಂದು ಗುಂಡಿಗೆ ತಿರುಗಿಸುವವರೆಗೆ ಬೇರೆ ದಾರಿ ನೋಡಿಕೊಳ್ಳಬೇಕಿತ್ತು. ಓರಗಿತ್ತಿ ತನ್ನ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಬಾರೇ, ನಮ್ಮದಕ್ಕೇ ಬಾ. ಫಿನಾಯಿಲ್ ಒಂದು ತರಬೇಡ."

ಹಲ್ಲು ಕಚ್ಚಿಕೊಂಡು ಹೋದಳು. ಒಳಗೆ ಬೆಳಗುವಂಥದ್ದೇನೂ ಇರಲಿಲ್ಲ. ಬ್ರಷ್ಷಿನಲ್ಲಿ ಉಜ್ಜಿದ ಸಾದಾ ನೆಲ. ಆದರೆ ಕೂತಲ್ಲಿ ಕೈಗೆ ಸಿಗುವಂತೆ ಗೋಡೆಗೆ ಒಂದು ಮರದ ಹಿಡಿಕೆ, ಅತ್ತೆಯ ಅಂಗೈ ತಿಕ್ಕಿ ತಿಕ್ಕಿ ನುಣುಪಾದದ್ದು. ಬಾಗಿಲ ಹೊರಗೆ, ಬಗ್ಗದೆ ಎಟುಕುವ ಎತ್ತರದಲ್ಲಿ ನೀರು, ದಾರಕ್ಕೆ ಕಟ್ಟಿ ತೂಗುಬಿಟ್ಟ ಸೋಪು. ಅತ್ತೆ ಯಾವ ಘಮಕ್ಕೂ ಒಲಿದಿರಲಿಲ್ಲ. ಇಷ್ಟು ಸಣ್ಣದು ತನಗೇಕೆ ಹೊಳೆಯಲಿಲ್ಲ ಎಂದು ಅವಳ ಹೊಟ್ಟೆ ಇನ್ನೂ ಉರಿಯಿತು.

ಪೈಪು ತಿರುಗಿಸಲು ಬಂದ ಮೇಸ್ತ್ರಿಗೆ ಹಿಡಿಕೆಯನ್ನೂ ಹಾಕಲು ಹೇಳಿದಳು. ಒಂದಲ್ಲ, ಎರಡು, ಎಡಕ್ಕೊಂದು, ಬಲಕ್ಕೊಂದು. ಸೋಪು, ನೀರು ಅತ್ತೆಯ ಎದೆಮಟ್ಟಕ್ಕೆ. ಫಿನಾಯಿಲ್ ಡಬ್ಬಗಳನ್ನು ಅಟ್ಟಕ್ಕೆ ಏರಿಸಿದಳು.

ನಾತ ಅಡಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಬಂದು, ಎರಡು ಬಾಗಿಲುಗಳ ನಡುವೆ ನಿಂತು, ಗಾಳಿ ಮೂಸಿ ನೋಡಿ, ಕಿರಿಸೊಸೆಯ ಬಾಗಿಲು ತಳ್ಳಿದರು. ಅವಳು ಹೊರಗೇ ನಿಂತು ಕಾದಳು.

"ಎರಡು ಕೈಗೂ ಸಿಗುತ್ತೆ ಕಣೆ," ಎಂದರು ಅತ್ತೆ, ಹೊರಬಂದು ಕೈಗೆ ಸೋಪು ಹಚ್ಚುತ್ತಾ. "ಸಿಂಹಾಸನದಿಂದ ಎದ್ದ ಹಾಗಾಯ್ತು."

ಸಂಜೆಗೆ ತಮ್ಮ ಚಾಪೆಯನ್ನು ಇಲ್ಲೇ ಹಾಸು ಎಂದೂ ಹೇಳಿದರು.

ಚಾಪೆ ಹಾಸುವಾಗ ಗೋಡೆಯಾಚೆ ಓರಗಿತ್ತಿ ಗಂಡನನ್ನು ದಬಾಯಿಸುತ್ತಿದ್ದುದು ಕೇಳಿಸಿತು. ನಾಳೆಯೇ ಮೇಸ್ತ್ರಿಯನ್ನು ಕರೆಸಬೇಕಂತೆ. ಮೂರು ಹಿಡಿಕೆ ಬೇಕಂತೆ.