ಹನ್ನೊಂದು ಗುಂಡುಪಿನ್ನು

ಮತ್ತೆ ಹೊಳೆಯಿತು, ಪುಟದ ಅಂಚಿನಲ್ಲಿ, ಬಿಸಿಲು ಬಿದ್ದರೆ ಮಾತ್ರ ಕಾಣುವಷ್ಟು ಸಣ್ಣ ತಲೆ, ಗುಂಡುಪಿನ್ನು, ಅದೂ ತನ್ನ ಆತ್ಮಕಥೆಗೆ, ಅಮ್ಮನ ಹೊಲಿಗೆ ಮಿಷನ್ನಿನ ಹಲಗೆ ಮೇಲೆ ದಾರದ ಉಂಡೆಗಳ ನಡುವೆ ಬಿದ್ದಿರುವ ಪುಸ್ತಕಕ್ಕೆ — ಅಂದರೆ ಅಮ್ಮ ಓದಿದ್ದಾಳೆ, ಅಮ್ಮ ನನ್ನ ಒಂದು ಸಾಲನ್ನೂ ಓದಿದವಳಲ್ಲ ಎಂದು ತಾನು ಮೊದಲ ಪುಟದಲ್ಲೇ ಬರೆದಿದ್ದಳಲ್ಲ, ಅಲ್ಲೇ ಮೊದಲನೇ ಪಿನ್ನು, ಆಮೇಲೆ ಎರಡನೇದು, ಮೂರನೇದು, ಒಟ್ಟು ಹನ್ನೊಂದು. ಪಾಪ, ಮೆಚ್ಚಿದ ಕಡೆಯೆಲ್ಲ ಗುರುತು ಹಾಕಿದ್ದಾಳೆ ಎಂದುಕೊಂಡಳು, ಎದೆ ಬೆಚ್ಚಗಾಯಿತು, ತಾನು ಮೂವತ್ತು ವರ್ಷ ಪೆನ್ಸಿಲ್ ಹಿಡಿದು ಬೇರೆಯವರ ಪುಸ್ತಕ ಓದಿದವಳು, ಕತ್ತರಿ ಎಂದು ಅಡ್ಡಹೆಸರು ಪಡೆದವಳು, ತನ್ನ ವಿಮರ್ಶೆ ಬರುವ ಭಾನುವಾರ ಕವಿಗಳು ಪೇಪರನ್ನೇ ಬಿಡಿಸುತ್ತಿರಲಿಲ್ಲವಂತೆ, ಅಂಥವಳಿಗೂ ಅಮ್ಮನ ಮೆಚ್ಚುಗೆ ಬೇಕಾಗಿತ್ತೇ, ಬೇಕಾಗಿತ್ತು — ಫೋನು ಗುಂಯ್‌ಗುಡುತ್ತಿದೆ, ಪ್ರಕಾಶಕ, ಎರಡನೇ ಮುದ್ರಣ ಇವತ್ತು ನಾಲ್ಕು ಗಂಟೆಗೆ ಅಚ್ಚಿಗೆ ಹೋಗುತ್ತೆ ಮೇಡಂ, ತಿದ್ದೋದಿದ್ದರೆ ಅಷ್ಟರೊಳಗೆ ಹೇಳಿ, ಬೆಳಿಗ್ಗೆಯೇ ಹೇಳಿದ್ದ, ಏನಿಲ್ಲ ಎಂದರಾಯಿತು. ಅಮ್ಮ ಮೆಚ್ಚಿದ್ದಾಳೆ ಕಣೇ ಎಂದರೆ ತಂಗಿ ಗುಂಡಿಗೆ ಕಾಜಾ ಹೊಲಿಯುತ್ತಲೇ ನಕ್ಕಳು, ಮೆಚ್ಚಿದ್ದಕ್ಕೆ ಯಾರಾದರೂ ಪಿನ್ ಹಾಕ್ತಾರೇನೇ, ಟ್ರಯಲ್ ನೋಡುವಾಗ ಸಡಿಲ ಇರೋ ಕಡೆ ಹಾಕೋದು, ದರ್ಜಿ ಮನೇಲಿ ಹುಟ್ಟಿ ಅಷ್ಟೂ ಗೊತ್ತಿಲ್ವಾ, ಅಮ್ಮ ನಿನ್ನ ವಿಮರ್ಶೆನೂ ಒಂದೂ ಬಿಡದೆ ಓದ್ತಾಳೆ, ಓದಿ ಆದಮೇಲೆ ಆ ಪೇಪರಲ್ಲೇ ರವಿಕೆ ಅಳತೆ ಕತ್ತರಿಸ್ತಾಳೆ.

ಸಡಿಲ — ಮತ್ತೆ ತೆರೆದಳು, ನಾಲ್ಕನೇ ಪಿನ್ನು, ಹಸಿದು ಮಲಗಿದ ವರ್ಷ, ನಿಜಕ್ಕೆ ಮಲಗಿದ್ದು ಒಂದು ದಿನ, ಏಳನೇದು, ಮೇಷ್ಟ್ರ ಏಟು, ತಿಂದವಳು ತಂಗಿ, ಒಂದೂ ಗುರಿ ತಪ್ಪಿಲ್ಲ, ಎಷ್ಟು ಜನ ಓದಿದರು, ಎಷ್ಟು ಜನ ಬರೆದರು, ಬಹುಮಾನ ಕೊಟ್ಟವರು ಅಪ್ಪನ ಸಾವಿನ ಪುಟವನ್ನು ವೇದಿಕೆ ಮೇಲೆ ಓದಿ ಕಣ್ಣೊರೆಸಿಕೊಂಡರು, ಯಾರಿಗೂ ಕಾಣದ್ದು ನಾಲ್ಕನೇ ಕ್ಲಾಸು ಓದಿದ, ಒಂದು ಕಣ್ಣಿಗೆ ಪೊರೆ ಬಂದ ಈ ಮುದುಕಿಗೆ ಹೇಗೆ ಕಂಡಿತು, ಹೇಗೆ, ತಾನು ಓದಿದ ಪುಸ್ತಕಗಳ ಬೆನ್ನು ಮುರಿದಿರುತ್ತದೆ, ಇಲ್ಲಿ ಪಿನ್ನು ಎರಡು ಪದಗಳ ನಡುವೆ ಇಳಿದಿದೆ, ಒಂದಕ್ಷರಕ್ಕೂ ತೂತಾಗಿಲ್ಲ, ಇದಲ್ಲವೇ ವಿಮರ್ಶೆ. ಕನ್ನಡಿ ಮುಂದೆ ಅಮ್ಮ ಮಂಡಿಯೂರಿ ಗಿರಾಕಿಯ ಲಂಗದ ಅಂಚು ಮಡಿಸುತ್ತಿದ್ದಾಳೆ, ಬಾಯಿ ತುಂಬ ಪಿನ್ನು. ಓದಿದೆಯಾ ಅಮ್ಮ. ಅಮ್ಮ ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ಉಗಿದಳು, ಹ್ಞೂಂ, ಬಟ್ಟೆ ಒಳ್ಳೇದೇ, ನಿನಗೆ ಸ್ವಲ್ಪ ದೊಡ್ಡದಾಯ್ತು. ಅಷ್ಟೇ, ಮತ್ತೆ ಅಂಚಿಗೆ ತಿರುಗಿದಳು. ಹನ್ನೊಂದನೇದು ಅಪ್ಪನ ಪುಟದಲ್ಲಿ, ಕೊನೆಯುಸಿರಿನ ತನಕ ಅಪ್ಪನ ಕೈ ನಾನು ಹಿಡಿದಿದ್ದೆ ಎಂದಿದೆ, ತಾನು ಆ ದಿನ ಬೇರೆ ಊರಿನ ಗೋಷ್ಠಿಯಲ್ಲಿ ಭಾಷಣ ಮಾಡುತ್ತಿದ್ದಳು, ಮೂರನೇ ದಿನ ಬಂದಳು, ಹಿಡಿದಿದ್ದ ಕೈ ಅಮ್ಮನದು, ಬರೆಯುವಾಗ ಅದನ್ನು ಬಿಡಿಸಿ ಅಲ್ಲಿ ತನ್ನದನ್ನು ಇಟ್ಟಿದ್ದಳು. ಫೋನು ಎತ್ತಿದಳು, ಇದೆ, ತಿದ್ದೋದಿದೆ, ಹನ್ನೊಂದು ಕಡೆ, ಅಯ್ಯೋ ಈಗ ಹೇಳ್ತೀರಲ್ಲ ಮೇಡಂ, ಸರಿ, ಯಾವ ಪುಟ ಹೇಳಿ — ಪುಟ, ಪುಟದ ಸಂಖ್ಯೆ ಕಣ್ಣಿಗೆ ಹತ್ತುತ್ತಿಲ್ಲ, ಹಲೋ, ಮೇಡಂ — ನಾನು ಎಂಬುದಕ್ಕೂ ಹಿಡಿದಿದ್ದೆ ಎಂಬುದಕ್ಕೂ ನಡುವೆ, ಬಿಸಿಲಿಗೆ, ಆ ಸಣ್ಣ ತಲೆ