ಗುಲಾಬಿ ಬ್ರಷ್ಷು

ಲಿಫ್ಟ್ ಬಂದು ನಿಂತ ಸದ್ದು, ಬಾಯಲ್ಲಿ ಇನ್ನೂ ಪೇಸ್ಟಿನ ತಂಪು, ಇಷ್ಟು ಬೇಗ ಯಾರು, ಬಾಡಿಗೆಗೆ ಮನೆ ನೋಡುವವರು ಬರುವುದು ಹನ್ನೊಂದಕ್ಕಲ್ಲವೇ, ಗೋಡೆಯ ಗಡಿಯಾರ ಹತ್ತೂ ಹತ್ತು ಅನ್ನುತ್ತಿದೆ, ಅದು ಯಾವಾಗಲೂ ಹತ್ತೂ ಹತ್ತೇ, ಒಳಗೆ ಸೆಲ್ಲೇ ಇಲ್ಲ, ನೋಟಕ್ಕೆ ಇಟ್ಟದ್ದು, ಈ ಮನೆಯಲ್ಲಿ ಎಲ್ಲವೂ ನೋಟಕ್ಕೇ, ಬುಟ್ಟಿಯ ಸೇಬು ಮೇಣದ್ದು, ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ, ಊಟದ ಮೇಜಿನ ಮೇಲೆ ಇಬ್ಬರಿಗೆ ತಟ್ಟೆ, ಹನ್ನೊಂದು ತಿಂಗಳಾಯಿತು, ಆ ಇಬ್ಬರು ಊಟಕ್ಕೆ ಬಂದೇ ಇಲ್ಲ, ನಾನು ದಿನಾ ಒರೆಸುತ್ತೇನೆ. ಬೀಗ ತಿರುಗುತ್ತಿದೆ, ಸಾಹೇಬರ ನಗು, ಬಾಡಿಗೆಯವರ ಮುಂದೆ ಮಾತ್ರ ಹೊರಗೆ ಬರುವ ನಗು — ಬನ್ನಿ ಅಮ್ಮಾ ಬನ್ನಿ, ಚಪ್ಪಲಿ ಇರಲಿ ಪರವಾಗಿಲ್ಲ, ಇಷ್ಟು ಸಣ್ಣ ಊರಲ್ಲಿ ಇಂಥ ಮನೆ ಇದೊಂದೇ — ನಾನು ಅಡುಗೆಮನೆಯ ಮೂಲೆಗೆ ಸರಿದು ಕೈ ಕಟ್ಟಿ ನಿಂತೆ, ಆಗ ನೆನಪಾಯಿತು, ಬಾತ್‌ರೂಮಿನ ಲೋಟದಲ್ಲಿ ಎರಡು ಬ್ರಷ್ಷು, ನೀಲಿಯದು ಒಣಗಿದೆ, ಗುಲಾಬಿಯದು ಒದ್ದೆ.

ಮನೆ ಅಂದ್ರೆ ಯಾರೋ ಈಗತಾನೇ ಎದ್ದು ಹಾಲು ತರೋಕೆ ಹೋದ ಹಾಗಿರಬೇಕು ಅಂದಿದ್ದರು ಸಾಹೇಬರು ಮೊದಲ ದಿನ, ತಮ್ಮ ಕೈಯಾರೆ ಬ್ರಷ್ಷುಗಳನ್ನು ಲೋಟದಲ್ಲಿ ಓರೆಯಾಗಿ ಇಟ್ಟು, ಒಂದಕ್ಕೊಂದು ತಾಗಿರಲಿ, ಗಂಡ ಹೆಂಡ್ತಿ ಅಲ್ವಾ. ಅದೇ ಉಸಿರಿನಲ್ಲಿ, ಆದ್ರೆ ನೀನಿಲ್ಲಿ ಒಂದು ಗುಟುಕು ನೀರು ಕುಡಿದ್ರೂ ನಂಗೆ ಗೊತ್ತಾಗುತ್ತೆ, ನಿನ್ನ ಹಿಂದೆ ಇದ್ದವಳು ಈ ಒಲೆ ಮೇಲೆ ಬುತ್ತಿ ಬಿಸಿ ಮಾಡ್ಕೊಂಡ್ಳು, ಅವತ್ತೇ ಮನೆಗೆ ಕಳಿಸ್ದೆ. ಗೊತ್ತಿದ್ದೂ ನಾಲ್ಕು ತಿಂಗಳಿಂದ — ನಮ್ಮಲ್ಲಿ ಒಂದೇ ಬಚ್ಚಲು, ಏಳು ಜನ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು, ಅಮ್ಮ, ಕೊನೆಗೆ ನಾನು, ಬಾಯಿಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಅತ್ತಿಗೆ ಬಾಗಿಲು ಬಡಿಯುತ್ತಾಳೆ, ಏನೇ ಒಳಗೆ, ಮನೆ ಕಟ್ತಿದೀಯಾ, ಹಾಗಿದ್ರೆ ನಮಗೂ ಒಂದು ರೂಮ್ ಹಾಕ್ಸು, ಮಕ್ಕಳು ಕಿಸಕ್ಕೆಂದು ನಗುತ್ತವೆ, ನಾನು ಅರ್ಧ ಮುಖ ತೊಳೆದು ಹೊರಗೆ ಬರುತ್ತೇನೆ. ಇಲ್ಲಿ ಯಾರೂ ಬಡಿಯುವುದಿಲ್ಲ. ಕಾಗದದ ಚೂರಿನಲ್ಲಿ ಕಡಲೆಕಾಳಿನಷ್ಟು ಪೇಸ್ಟು ಸುತ್ತಿ ತರುತ್ತೇನೆ, ಎಂಟಕ್ಕೆ ಬಂದು ಚಿಲಕ ಹಾಕಿ ಆ ಗುಲಾಬಿಯದರಲ್ಲೇ ನಿಧಾನ ಹಲ್ಲುಜ್ಜುತ್ತೇನೆ, ಇಡೀ ದಿನದಲ್ಲಿ ನನ್ನದು ಅಂತ ಇರುವುದು ಆ ಚಿಲಕ ಒಂದೇ, ಹನ್ನೊಂದರೊಳಗೆ ಬ್ರಷ್ಷು ಒಣಗಿ ಮತ್ತೆ ಯಾರದೂ ಅಲ್ಲದ್ದಾಗುತ್ತದೆ. ಇವತ್ತು ಬಸ್ಸು ತಡವಾಯಿತು, ಇವರು ಬೇಗ ಬಂದರು.

ಮೂರು ಜೊತೆ ಹೆಜ್ಜೆ, ಮಗ, ಸೊಸೆ, ಊರುಗೋಲಿನ ಮುದುಕಿ, ಸೊಸೆಗೆ ಮನೆ ಹಿಡಿಸುತ್ತಿಲ್ಲ, ಅಂಗಡಿ ಇದ್ದ ಹಾಗಿದೆ ಕಣ್ರೀ, ಇಲ್ಲಿ ಕೂತು ಒಂದು ಜಗಳ ಆಡೋಕೂ ಆಗಲ್ಲ, ಮಗ ಕಿಟಕಿ ತಟ್ಟಿ ನೋಡುತ್ತಾನೆ, ಊರುಗೋಲಿನ ಟಕ್ ಟಕ್ ಮಾತ್ರ ಬೇರೆ ದಾರಿ ಹಿಡಿದಿದೆ, ಹಾಲ್ ದಾಟಿತು, ಮಲಗುವ ಕೋಣೆ ದಾಟಿತು, ಹೋಗು, ಈಗ ಹೋಗು, ಅಮ್ಮಾ ಒಂದು ನಿಮಿಷ ಅಂತ ಹೇಳಿ ಒಳಗೆ ನುಗ್ಗಿ ತೆಗೆದುಬಿಡು, ನಾಲ್ಕೇ ಹೆಜ್ಜೆ — ಕಾಲು ಏಳುವುದಿಲ್ಲ, ಏಳನೇ ತರಗತಿಯಲ್ಲೂ ಹೀಗೇ, ಎದ್ದು ಓದೇ ಅಂದರು ಟೀಚರ್, ಸಾಲು ಕಾಣುತ್ತಿತ್ತು, ದನಿ ಬರಲಿಲ್ಲ, ಬಾಯಿ ಬಿಟ್ರೆ ಮುತ್ತು ಉದುರುತ್ತಾ ಅಂದರು, ಮಾರನೆಯ ದಿನ ಹೋಗಲಿಲ್ಲ, ಅದರ ಮಾರನೆಯ ದಿನವೂ, ಮತ್ತೆ ಯಾರೂ ಕರೆಯಲಿಲ್ಲ. ಬಾತ್‌ರೂಮಿನ ದೀಪದ ಸ್ವಿಚ್ಚು. ಟಕ್ ಟಕ್ ನಿಂತಿತು. ಬಾಗಿಲ ಸಂದಿಯಲ್ಲಿ ಕಾಣುತ್ತಿದೆ, ಮುದುಕಿ ಗುಲಾಬಿ ಬ್ರಷ್ಷನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರುತ್ತಿದ್ದಾಳೆ, ತರಕಾರಿ ಎಳೆಯದೋ ಬಲಿತದ್ದೋ ಅಂತ ನೋಡುವ ಹಾಗೆ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಹೊರಗೆ ಬಂದಳು, ಸಾಹೇಬರನ್ನು ದಾಟಿ ನೇರ ನನ್ನ ಮುಖ ನೋಡಿದಳು, ತುಟಿಯ ಅಂಚನ್ನು, ನನಗೆ ಗೊತ್ತು ಅಲ್ಲಿ ಬಿಳಿ ಉಳಿದಿದೆ, ಒರೆಸಲು ಕೈ ಬರುತ್ತಿಲ್ಲ, ಈಗ ಹೇಳುತ್ತಾಳೆ, ಬುತ್ತಿಯವಳ ಹಾಗೆ ನಾನೂ, ಅತ್ತಿಗೆಗೆ ಏನು ಹೇಳಲಿ.

ಏನಮ್ಮಾ ಎಲ್ಲಾ ಸರಿ ಇದೆಯಾ, ಸಾಹೇಬರು. ಮುದುಕಿ ಕೆಮ್ಮಿದಳು. ನಲ್ಲಿ ನೀರು ಚೆನ್ನಾಗಿ ಬರ್ತಿದೆ, ನೋಡೋಕಿಟ್ಟ ಮನೆ ಅಂದ್ಕೊಂಡಿದ್ದೆ, ಜನ ಇದ್ದ ಮನೆ ಹಾಗಿದೆ, ಇದೇ ಇರಲಿ ಕಣೋ. ಸೊಸೆ ಏನೋ ಅಂದಳು, ನೀನು ಸುಮ್ನಿರಮ್ಮಾ ಅಂದಳು ಮುದುಕಿ, ಜಗಳಕ್ಕೆ ನಾನು ಜಾಗ ಮಾಡ್ಕೊಡ್ತೀನಿ, ಎಲ್ಲರೂ ನಕ್ಕರು, ಸಾಹೇಬರ ನಗು ಈ ಸಲ ನಿಜವಾದದ್ದು, ಹೋಗುವಾಗ ಮುದುಕಿ ತನ್ನ ತುಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು, ನಾನು ಒರೆಸಿಕೊಂಡೆ. ಉಳಿದೆ, ಅಲ್ಲವೇ, ಕೆಲಸ ಉಳಿಯಿತು, ಆದರೆ ಸಾಹೇಬರು ಬಾಗಿಲಿನಿಂದ ತಿರುಗಿ, ಲೇ ಹುಡುಗಿ, ಈ ಮನೆ ಬಾಡಿಗೆಗೆ ಹೋಯ್ತು, ನಾಳೆಯಿಂದ ನಿನಗೆ ಮೆಟ್ಟಿಲು ಒರೆಸೋ ಕೆಲಸ, ಏಳೂ ಮಹಡಿ, ಈ ಸಾಮಾನೆಲ್ಲ ಪೆಟ್ಟಿಗೆಗೆ ತುಂಬು, ಬ್ರಷ್ಷು ಬಿಸಾಕು. ಏಳು ಮಹಡಿಯ ಮೆಟ್ಟಿಲು, ಒಂದಕ್ಕೂ ಚಿಲಕವಿಲ್ಲ. ಸೇಬು ತುಂಬಿದೆ, ತಟ್ಟೆ ತುಂಬಿದೆ, ನಿಂತ ಗಡಿಯಾರ ತುಂಬಿದೆ, ಬೆನ್ನು ನೋಯುತ್ತದೆ, ಈಗ ಬಾತ್‌ರೂಮು, ಚಿಲಕ ಹಾಕಿಕೊಂಡೆ, ಸುಮ್ಮನೆ, ಲೋಟದಲ್ಲಿ ಎರಡು ಬ್ರಷ್ಷು, ಮುದುಕಿ ನನ್ನದನ್ನು ನೀಲಿಯದಕ್ಕೆ ತಾಗದ ಹಾಗೆ ಇಟ್ಟು ಹೋಗಿದ್ದಾಳೆ, ಎತ್ತಿಕೊಂಡರೆ ಎಳೆಗಳ ತುದಿಗೆ ಒಂದು ಹನಿ ಇಳಿದು ಬಂದು ನಿಂತಿದೆ, ದೀಪ ಅದರೊಳಗೆ ಇದೆ, ಬೀಳಬೇಕು, ಬೀಳುತ್ತಿಲ್ಲ, ಗುಲಾಬಿ ಬ್ರಷ್ಷು, ಒದ್ದೆ, ಆ ಹನಿ