ಇಸ್ತ್ರಿಪೆಟ್ಟಿ ಉರಿದರೆ ಉರಿಯಲಿ

ದರ್ಜಿಯಮ್ಮನ ಕೈಯಲ್ಲಿ ಬಟ್ಟೆ ಹಾಳಾದದ್ದನ್ನು ಯಾರೂ ಕಂಡಿಲ್ಲ. ತಲೆಯೊಳಗೆ ಮಾತ್ರ ಅವಳ ಅಂಗಡಿ ದಿನಾ ಸುಟ್ಟು ಬೂದಿಯಾಗುತ್ತಿತ್ತು. ಇಸ್ತ್ರಿಪೆಟ್ಟಿ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಬೀಗ ಹಾಕಿ ಹೊರಟವಳು ಅರ್ಧ ದಾರಿಯಿಂದ ವಾಪಸ್ಸು. ಆಸ್ಪತ್ರೆಯ ನರ್ಸುಗಳ ಯೂನಿಫಾರಂ ಹೊಲಿಯುವ ಕೆಲಸ ಸಿಕ್ಕಿತ್ತು. ಅಳತೆ ತೆಗೆಯಲು ಹೊರಟಾಗೆಲ್ಲ ಮಾರ್ಕೆಟ್ ಸ್ಟಾಪಿನಲ್ಲಿ ಬಸ್ಸಿಳಿದು ಓಡಿ ಬಂದಿದ್ದಳು. ಇವತ್ತೂ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಹೆಡ್ ನರ್ಸ್ ಖಡಾಖಂಡಿತವಾಗಿ ಹೇಳಿದ್ದರು.

ಈ ಅನುಮಾನಕ್ಕೆ ಮನೋವೈದ್ಯೆ ಕೊಟ್ಟ ಮದ್ದೋ, ಕೇಳಿದವರು ಕಂಗಾಲಾಗಬೇಕು. ಪೆಟ್ಟಿ ಒಮ್ಮೆ ಆಫ್ ಮಾಡು, ಬೀಗ ಹಾಕು, ಹೋಗು. ತಿರುಗಿ ನೋಡಬೇಡ, ಯಾರನ್ನೂ ಕೇಳಬೇಡ. ಭಯ ಬಂದರೆ ಬರಲಿ, ಪಕ್ಕದಲ್ಲಿ ಕೂತಿರಲಿ, ಬೇಜಾರಾದಾಗ ತಾನೇ ಎದ್ದು ಹೋಗುತ್ತದೆ. ಮೊದಲು ಬಾಗಿಲಾಚೆ, ಆಮೇಲೆ ಬೀದಿಯ ಕೊನೆಯವರೆಗೆ ಅಭ್ಯಾಸ ನಡೆದಿತ್ತು. ಹೆಚ್ಚು ಕಷ್ಟವಾದದ್ದು ಅತ್ತೆಗೆ. ಪಾಪ, ಇಷ್ಟು ವರ್ಷ ಸೊಸೆಯ ಬೆನ್ನಿಗೇ ನಿಂತು, ಪ್ಲಗ್ ಮುಟ್ಟಿ ನೋಡಿ, ಆಫ್ ಆಗಿದೆ ನಡಿ ಎನ್ನುತ್ತಿದ್ದವಳು ಆಕೆಯೇ. ಆ ಸಮಾಧಾನವೇ ಭಯಕ್ಕೆ ಹಾಕುವ ಊಟ ಎಂದು ವೈದ್ಯೆ ಹೇಳಿದ ಮೇಲೆ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು.

ಇವತ್ತು ಬೀಗ ಹಾಕಿದವಳೇ ತಿರುಗಿ ನೋಡದೆ ಆಸ್ಪತ್ರೆಯ ಬಸ್ಸು ಹತ್ತಿದಳು. ಬಸ್ಸು ಹೊರಟಿತು. ದರ್ಜಿಯಮ್ಮನ ಮೂಗಿಗೆ ಆಗಲೇ ಇಲ್ಲದ ಸುಟ್ಟ ಬಟ್ಟೆಯ ವಾಸನೆ. ಮಾರ್ಕೆಟ್ ಸ್ಟಾಪ್ ಬರುವ ಹೊತ್ತಿಗೆ ಸರಿಯಾಗಿ ಅತ್ತೆಯ ಫೋನು ಬಂತು. ಅಂಗಡಿ ಬಾಗಿಲಲ್ಲೇ ನಿಂತಿದ್ದಾಳಂತೆ.

"ಬೀಗದ ಕೈ ನನ್ನ ಹತ್ರಾನೂ ಇದೆ ಕಣೇ. ಒಂದ್ಸಲ ಒಳಗೆ ಹೋಗಿ ನೋಡ್ಬಿಡ್ಲಾ? ಡಾಕ್ಟರಮ್ಮಂಗೆ ಗೊತ್ತಾಗಲ್ಲ."

ಹೂಂ ಎಂದರೆ ಸಾಕಿತ್ತು, ಜೀವ ತಣ್ಣಗಾಗುತ್ತಿತ್ತು. ನಾಳೆ ಮತ್ತೆ ಇದೇ ಗೋಳು. ದರ್ಜಿಯಮ್ಮನಿಗೆ ರೇಗಿ ಹೋಯಿತು. ಅತ್ತೆಯ ಮೇಲಲ್ಲ, ತನ್ನನ್ನು ಇಷ್ಟು ವರ್ಷ ಬುಗುರಿಯ ಹಾಗೆ ಆಡಿಸಿದ ಈ ಹಾಳು ಭಯದ ಮೇಲೆ.

"ನಂಗೆ ಗೊತ್ತಾಗುತ್ತಲ್ಲ ಅತ್ತೆ. ಉರಿದ್ರೆ ಉರೀಲಿ. ನೀವು ಬೀಗ ಮುಟ್ಬೇಡಿ, ಮನೆಗೆ ಹೋಗಿ."

ಬಸ್ಸು ಮಾರ್ಕೆಟ್ಟಿನಲ್ಲಿ ನಿಂತಿತು. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅಳು ಬಂತು, ಅತ್ತಳು, ಏಳಲಿಲ್ಲ. ಬಸ್ಸು ಮುಂದೆ ಹೋಯಿತು.

ಆಸ್ಪತ್ರೆಯಲ್ಲಿ ಮೊದಲು ಅಳತೆಗೆ ನಿಂತವರು ಹೆಡ್ ನರ್ಸ್. ಅವರ ಹೆಗಲ ಮೇಲೆ ಟೇಪು ಗಡಗಡ ಅಲುಗುತ್ತಿತ್ತು.

"ಏನ್ರೀ, ಕೈ ಹೀಗೆ ನಡುಗ್ತಿದೆ? ಹುಷಾರಿಲ್ವಾ?"

"ನಡುಗಲಿ ಬಿಡಿ," ಎಂದಳು ದರ್ಜಿಯಮ್ಮ. "ನೀವು ನೆಟ್ಟಗೆ ನಿಂತ್ಕೊಳ್ಳಿ."